ಮನೆಯಲ್ಲಿ ಬೈಬಲಿನ ಓದು

ಸಾತನೂರಿನ ಕಡೆಯವರಿಗೆ ಹಾರೋಬೆಲೆ ಹೊಸತಲ್ಲ. ಅಲ್ಲಿಯ ಕ್ರೈಸ್ತರು ಶುಭ ಶುಕ್ರವಾರದ ಹೊತ್ತಿಗೆ ಆಡುವ ಯೇಸುವಿನ ಪಾಡಿನ ನಾಟಕವನ್ನು ತಾವೂ ನೋಡಿರಬಹುದು. ಯೂದನ ದ್ರೋಹ, ಪೇತ್ರನ ಅಳು ಎಲ್ಲವೂ ಅಲ್ಲಿ ಹುಡುಗರಿಗೂ ಗೊತ್ತು. ಹೀಗಿರುವಾಗ ಓದುವ ಗೋಜೇಕೆ ಎನ್ನುವವರುಂಟು.

ರಂಗದ ಮೇಲೆ ಕಾಣುವುದು ಯೂದನ ತಪ್ಪು. ಬದುವಿನ ವ್ಯಾಜ್ಯದಲ್ಲಿ ಅಣ್ಣನೊಡನೆ ಮಾತು ಬಿಟ್ಟವನು ಮತ್ತಾಯನ ಐದನೆಯ ಅಧ್ಯಾಯವನ್ನು ಓದಿನೋಡಲಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಅಣ್ಣನೊಡನೆ ಒಂದಾಗಬೇಕೆಂದು ಅಲ್ಲಿದೆ. ಆಗ ಪುಸ್ತಕ ಮುಚ್ಚಿಡುವುದು ಸುಲಭ, ಮರೆಯುವುದು ಕಷ್ಟ.

ಜಾನ್ ಹ್ಯಾಂಡ್ಸ್ ಮೊದಲಾದವರು ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಕಥೋಲಿಕರ ಮನೆಗಳಿಗೆ ಅದು ಬಂದದ್ದು ತಡವಾಗಿ. ಅವರ ಪೂಜೆಯೇ ಲತೀನಿನಲ್ಲಿತ್ತಲ್ಲ! 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ವಿಶ್ವಾಸಿಗಳೆಲ್ಲರೂ ಪವಿತ್ರ ಗ್ರಂಥವನ್ನು ಓದಬೇಕೆಂದು ಒತ್ತಿ ಹೇಳಿತು. ಈಗ ಅದು ಕೈಯಲ್ಲಿನ ಫೋನಿನಲ್ಲೂ ಇದೆ. ತೆರೆಯುವ ಬಿಡುವು ಮಾತ್ರ ಇಲ್ಲ.

ರಾತ್ರಿ ಊಟವಾದ ಮೇಲೆ ಒಂದೇ ಅಧ್ಯಾಯ ಸಾಕು. ಶಾಲೆಗೆ ಹೋಗುವ ಮೊಮ್ಮಗಳು ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಲಿ. ತಿಳಿಯದ ಮಾತು ಬಂದರೆ ಭಾನುವಾರ ಗುರುಗಳನ್ನು ಕೇಳಿದರಾಯಿತು.