ಸೆಟ್ ಅಂದರೆ ಏನು?



ಶಾಲೆಯ ಒಂದು ನೆನಪು ಹೇಳಿ, ಐದು ನಿಮಿಷ ಮೀರಬೇಡಿ ಅಂತ ಸಮಿತಿಯವರು ಹೇಳಿದ್ದಾರೆ. ನನ್ನ ನೆನಪು ಒಂದು ಪುಟ್ಟ ಇಂಗ್ಲಿಷ್ ಪದದ್ದು: ಸೆಟ್.

ಈ ಪದ ನಮ್ಮೂರಿಗೆ ಹೊಸದೇನಲ್ಲ. ಹೊಲದಲ್ಲಿ ಪಂಪ್‌ಸೆಟ್, ಹೋಟೆಲಿನಲ್ಲಿ ಸೆಟ್ ದೋಸೆ, ಮನೆಯಲ್ಲಿ ಟಿವಿ ಸೆಟ್. ಆರ್‌ಸಿಸಿ ಹಾಕಿದ ಮೇಲೆ ಸಿಮೆಂಟು ಸೆಟ್ ಆಗಬೇಕು. ಗಂಡು ಹೆಣ್ಣಿನ ಮಾತುಕತೆ ಮುರಿದರೆ 'ಅವರಿಬ್ಬರಿಗೂ ಸೆಟ್ ಆಗಲಿಲ್ಲ' ಅನ್ನುತ್ತೇವೆ.

ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕ್ರಿಯಾಪದದ ಮೂರು ರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಗೋ, ವೆಂಟ್, ಗಾನ್. ಆಮೇಲೆ ಬಂತು ಸೆಟ್, ಸೆಟ್, ಸೆಟ್. ಎಲ್ಲ ಪದಗಳೂ ಹೀಗೇ ಇರಬಾರದೇ ಅಂತ ನಕ್ಕೆವು. 'ಇದರ ಅರ್ಥ ಯಾರಿಗೆ ಗೊತ್ತು?' ಅಂದರು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಾನು ಕೈ ಎತ್ತಿದ್ದು ಅದೇ ಮೊದಲು.

'ಗರಗಸದ ಹಲ್ಲು ಬಾಗಿಸೋದು, ಸಾರ್.'

ನಮ್ಮಪ್ಪ ಬಡಗಿ, ನಿಮ್ಮಲ್ಲಿ ಹಲವರಿಗೆ ಗೊತ್ತು. ಗರಗಸಕ್ಕೆ ಅರ ಹಾಕುವ ದಿನ ಅದರ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಸ್ವಲ್ಪ ಬಾಗಿಸುತ್ತಿದ್ದರು. ಆಗ ಕುಯ್ದ ಗೆರೆ ಅಲಗಿಗಿಂತ ತುಸು ಅಗಲವಾಗುತ್ತದೆ, ಗರಗಸ ಮರದೊಳಗೆ ಸಿಕ್ಕಿಕೊಳ್ಳುವುದಿಲ್ಲ. ಅದಕ್ಕೆ ಅಪ್ಪ ಹೇಳುತ್ತಿದ್ದದ್ದು 'ಸೆಟ್ ಕೊಡೋದು' ಅಂತ. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ಅಪ್ಪನಿಗೆ ಆ ಪದ ಯಾವ ಮೇಸ್ತ್ರಿಯಿಂದ ಬಂತೋ!

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕು, 'ಅದು ನಿಮ್ಮಪ್ಪನ ಇಂಗ್ಲಿಷು, ಕೂತ್ಕೋ' ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇಂಗ್ಲಿಷ್ ಜೊತೆಗೆ ಸಮಾಜವನ್ನೂ ಅವರೊಬ್ಬರೇ ಮಾಡಬೇಕಿತ್ತು, ಪಾಠ ಮುಗಿಸುವ ಅವಸರ. ಆದರೆ ಅವತ್ತಿನಿಂದ ನಾನು ಅಪ್ಪ ಕರೆದಾಗ ಹಲಗೆ ಹಿಡಿಯಲು ಹೋಗಲಿಲ್ಲ. ಹೋಂವರ್ಕ್ ಇದೆ ಅನ್ನುತ್ತಿದ್ದೆ. ಅಪ್ಪ ಯಾಕೆಂದು ಕೇಳಲಿಲ್ಲ, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಒಬ್ಬರೇ ಕುಯ್ದರು.

ಮೈಸೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ ಒಂದು ದಿನ ಗ್ರಂಥಾಲಯದಲ್ಲಿ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಕಣ್ಣಿಗೆ ಬಿತ್ತು. 1928ರಲ್ಲಿ ಮುಗಿದ ಅದರ ಮೊದಲ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಪದವೇ ಸೆಟ್. 1989ರಲ್ಲಿ 20 ಸಂಪುಟಗಳಾಗಿ ಬಂದ ಎರಡನೇ ಆವೃತ್ತಿಯಲ್ಲೂ ಅದೇ, ಕ್ರಿಯಾಪದವೊಂದಕ್ಕೇ 430 ಅರ್ಥ. ಈಚೆಗೆ ರನ್ ಅನ್ನುವ ಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿದೆ.

ಪುಟದ ಮೇಲೆ ಬೆರಳಿಟ್ಟು ಓದಿದೆ. ಇಂಗ್ಲಿಷಿನಲ್ಲಿ ಸಿಟ್ ಅಂದರೆ ಕೂರು, ಅದರಿಂದಲೇ ಆದ ಸೆಟ್ ಅಂದರೆ ಕೂರಿಸು. ನಾವು ಉಂಗುರಕ್ಕೆ ಹರಳು ಕೂರಿಸುತ್ತೇವೆ, ಅವರು ಸೆಟ್ ಮಾಡುತ್ತಾರೆ. ಇಷ್ಟು ಮಾತು ಎಂಟನೇ ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದರೆ ಅರ್ಧ ಪದ ಅಲ್ಲೇ ಬಂದುಬಿಡುತ್ತಿತ್ತು. ಸೆಟ್ ದೋಸೆಯ ಸೆಟ್ ಮಾತ್ರ ಬೇರೆ ಮನೆಯದು. ಗುಂಪು ಅನ್ನುವ ಆ ಅರ್ಥ ಲ್ಯಾಟಿನ್‌ನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು.

ಇನ್ನೂ ಕೆಳಗೆ ಬಂದರೆ, ಗರಗಸದ ಹಲ್ಲು ಬಾಗಿಸುವುದು! ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಎರಡೆರಡು ಸಲ ಓದಿದೆ.

ಆ ಶನಿವಾರವೇ ಬಸ್ಸು ಹತ್ತಿ ಊರಿಗೆ ಬಂದೆ. ಅಪ್ಪ ಜಗಲಿಯ ಮೇಲೆ ಬಾಗಿಲಿನ ಚೌಕಟ್ಟಿಗೆ ಅಳತೆ ಹಾಕುತ್ತಿದ್ದರು. ಅಂದು ಕ್ಲಾಸಿನಲ್ಲಿ ಆದದ್ದನ್ನೂ ಸೇರಿಸಿ ಎಲ್ಲ ಹೇಳಿದೆ. 'ಅಪ್ಪಾ, ನಿನ್ನ ಸೆಟ್ಟು ದೊಡ್ಡ ಪುಸ್ತಕದಲ್ಲೇ ಐತೆ' ಅಂದೆ.

ಅಪ್ಪ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. 'ಇರ್ದೆ ಏನ್ಲಾ? ಸೆಟ್ ಇಲ್ದಿದ್ರೆ ಅವ್ರ ಊರಲ್ಲೂ ಗರಗಸ ಓಡಾಕಿಲ್ಲ. ಬಾ, ಈ ಕಡೆ ಹಿಡ್ಕೊ.'

ಹಿಡಿದುಕೊಂಡೆ.

ಇವತ್ತು ಶಾಲೆಯ ಗ್ರಂಥಾಲಯಕ್ಕೆ ಒಂದು ನಿಘಂಟು ಕೊಟ್ಟಿದ್ದೇನೆ. ಸೆಟ್ ಇರುವ ಪುಟದಲ್ಲಿ ಒಂದು ಕಾಗದದ ಚೂರು ಇಟ್ಟಿದ್ದೇನೆ, ಯಾರೂ ತೆಗೆಯಬೇಡಿ.