ಎದುರುಬದುರು ಕುಳಿತು

ಹೋಟೆಲಿನ ಊಟದ ಬಗೆಗೆ ನಮ್ಮ ಹಿರಿಯರಿಗೆ ಹೆಚ್ಚಿನ ಗೌರವವಿರಲಿಲ್ಲ. ಮನೆಯಿದ್ದವನು ಹೋಟೆಲಿಗೇಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸುತ್ತಿನ ಮಲೆನಾಡನ್ನು ಬಲ್ಲವರಿಗೆ ಈ ಪ್ರಶ್ನೆ ಸಹಜವೆನ್ನಿಸೀತು. ಇಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು ಎಂಬಂತೆ ಚದುರಿವೆ. ಮಳೆಯಲ್ಲಿ ತೊಯ್ದು ಬಂದವನಿಗೆ ಮೊದಲು ಬಿಸಿನೀರು, ಅನಂತರ ಎಲೆ, ಆಮೇಲೆ ಬಂದ ಕಾರಣದ ವಿಚಾರಣೆ. ಇದು ಇಲ್ಲಿಯ ಅತಿಥಿಧರ್ಮದ ಕ್ರಮ. ಶೃಂಗೇರಿಯಲ್ಲಂತೂ ಶಾರದಾಂಬೆಯ ದರ್ಶನಕ್ಕೆ ಬಂದವರಿಗೆ ಮಠದಲ್ಲಿಯೇ ಊಟವುಂಟು; ಹಣ ಕೇಳುವವರಿಲ್ಲ. ಮನೆಯ ಅನ್ನವಿದೆ, ದೇವರ ಅನ್ನವಿದೆ. ಹಾಗಿರುವಲ್ಲಿ ಹೋಟೆಲಿನ ಅನ್ನ ನಮಗೆ ಹೊಸದಾಗಿ ಏನನ್ನು ತಂದುಕೊಟ್ಟಿತು? ಈ ವಿಷಯವನ್ನು ಇಂದು ತಮ್ಮೊಡನೆ ಕೊಂಚ ವಿಚಾರ ಮಾಡಬೇಕೆಂದಿದ್ದೇನೆ.

ಮನೆಯ ಔದಾರ್ಯಕ್ಕೆ ಒಂದು ಗೆರೆಯಿತ್ತು. ಬಂದವನು ಯಾರು ಎಂಬುದರ ಮೇಲೆ ಅವನ ಎಲೆ ಒಳಗೆ ಬೀಳಬೇಕೋ, ಜಗಲಿಯಲ್ಲೋ, ಅಂಗಳದಲ್ಲೋ ಎಂಬುದು ನಿರ್ಧಾರವಾಗುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕದಲ್ಲಿಯೇ ಕೂರುತ್ತಿದ್ದ ಗೆಳೆಯನೊಬ್ಬನ ತಂದೆ ಅಡಿಕೆ ತೋಟದ ಆಳು. ಗೆಳೆಯ ನಮ್ಮ ಮನೆಗೆ ಬಂದರೆ ಅಮ್ಮ ಹೊಟ್ಟೆ ತುಂಬ ಬಡಿಸುತ್ತಿದ್ದಳು. ಕಡುಬಿಗೆ, ಕಳಲೆ ಪಲ್ಯಕ್ಕೆ ಕೊರತೆ ಮಾಡಿದವಳಲ್ಲ. ಆದರೆ ಉಂಡಮೇಲೆ ಅವನು ತನ್ನ ಎಲೆಯನ್ನು ತಾನೇ ಎತ್ತಿ, ಕುಳಿತ ಜಾಗಕ್ಕೆ ಸಗಣಿ ಬಳಿದು ಹೋಗಬೇಕು. ಅವನ ಮನೆಯಲ್ಲಿ ನಾನು ಉಣ್ಣುವ ಮಾತಂತೂ ಇರಲೇ ಇಲ್ಲ. ಹೀಗೆ ವರ್ಷಗಟ್ಟಲೆ ಅವನು ನಮ್ಮ ಅನ್ನ ಉಂಡ. ಒಂದು ಲೋಟ ನೀರನ್ನೂ ನಮಗೆ ಕೊಡಲಾರದವನಾಗಿ ಉಂಡ. ಕೊಡುವ ಅವಕಾಶವಿಲ್ಲದೆ ಪಡೆಯುತ್ತಲೇ ಇರುವುದು ಎಂಥ ಭಾರವೆಂಬುದನ್ನು ಪಡೆದವನೇ ಬಲ್ಲ.

ಆತ ಮುಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದ. ಮೊದಲ ಸಂಬಳ ಕೈಗೆ ಬಂದ ದಿನ ನನ್ನನ್ನು ಕೊಪ್ಪದ ಪೇಟೆಯ ಹೋಟೆಲೊಂದಕ್ಕೆ ಕರೆದುಕೊಂಡು ಹೋದ. ಎದುರುಬದುರು ಕುಳಿತೆವು. ಮಾಣಿ ಇಬ್ಬರ ಮುಂದೆಯೂ ಒಂದೇ ಬಗೆಯ ತಟ್ಟೆಯಿಟ್ಟ. ಮಸಾಲೆ ದೋಸೆ ತಿಂದು, ಕಾಫಿ ಕುಡಿದು ಏಳುವಾಗ ಗೆಳೆಯ ಮೇಜಿನ ಕಡೆ ನೋಡಿ, "ಇಲ್ಲಿ ಎಲೆ ಎತ್ತುವ ಕೆಲಸ ಇಲ್ಲ ನೋಡು ಮಾರಾಯ" ಎಂದು ನಕ್ಕ. ಬಿಲ್ಲಿಗೆ ನಾನು ಕೈ ನೀಡಿದರೆ ಬಿಡಲಿಲ್ಲ. ನನಗೆ ಉಣಬಡಿಸಲು ಅವನಿಗೆ ಈ ಸೀಮೆಯಲ್ಲಿ ದೊರೆತಿದ್ದ ಜಾಗ ಅದೊಂದೇ.

ಆ ಮೇಜು ತಾನಾಗಿ ಒದಗಿದ್ದಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದವರು ನಮ್ಮ ಪೇಟೆಗಳಲ್ಲಿ ಹೋಟೆಲು ತೆರೆದು ಕಷ್ಟಪಟ್ಟು ದುಡಿದರು. ಆದರೆ ಮೊದಮೊದಲು ಹೋಟೆಲೂ ಜಾತಿಯನ್ನು ಹೊಸ್ತಿಲಾಚೆ ಬಿಟ್ಟಿರಲಿಲ್ಲ. ಬೆಂಗಳೂರಿನ ಸುಪ್ರಸಿದ್ಧ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದದ್ದು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಈಗಿನ ಹೆಸರು ಬಂದದ್ದು 1960ರಲ್ಲಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶ ತಪ್ಪಕೂಡದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನ ಪಾತ್ರೆಗಳನ್ನು ಬಳಸಲು ಬಿಡದಿರುವುದನ್ನೂ ದಂಡನಾರ್ಹವಾಗಿಸಿತು. ಒಂದು ದೇಶದ ಶಾಸನಸಭೆ ಕಾಫಿಯ ಲೋಟದ ಬಗೆಗೆ ಚಿಂತಿಸಬೇಕಾಯಿತೆಂದರೆ, ಆ ಲೋಟ ಎಷ್ಟು ಅವಮಾನವನ್ನು ಹೊತ್ತಿದ್ದಿರಬೇಕು! ಕಾಯಿದೆ ಬಂದ ಎಷ್ಟೋ ಕಾಲದ ಮೇಲೂ ಹಳ್ಳಿಯ ಚಹದಂಗಡಿಗಳ ಸೂರಿನಡಿ ಬೇರೆಯದೇ ಲೋಟಗಳು ಕಾದು ಕುಳಿತಿದ್ದುವೆಂಬುದೂ ಸುಳ್ಳಲ್ಲ.

ಹೋಟೆಲಿನ ಸಮಾನತೆ ಕಾಸಿನ ಸಮಾನತೆ ಎನ್ನುವವರಿದ್ದಾರೆ. ನಿಜ, ಜೇಬು ಬರಿದಾದವನಿಗೆ ಅಲ್ಲಿ ಪೀಠವಿಲ್ಲ. ನಾವು ಬಿಟ್ಟೆದ್ದ ಎಂಜಲನ್ನು ಎತ್ತುವ ಕೈಯೊಂದು ಅಲ್ಲಿಯೂ ಉಂಟು. ಆ ಕೈ ಯಾರದೆಂದು ನಾವು ಕೇಳುವುದಿಲ್ಲ. ಆದರೂ ಆ ಮೇಜಿನ ಉಪಕಾರವನ್ನು ಮರೆಯುವಂತಿಲ್ಲ. ಅಲ್ಲಿ ಇಬ್ಬರೂ ಅತಿಥಿಗಳು; ಒಡೆಯನಿಲ್ಲ, ಒಕ್ಕಲಿಲ್ಲ. ಇಂದು ನೀನು ಕೊಟ್ಟರೆ ನಾಳೆ ನಾನು. ಗಲ್ಲದ ಮುಂದೆ ಬಿಲ್ಲಿಗಾಗಿ ಜಗ್ಗಾಡುವ ಗೆಳೆಯರನ್ನು ಕಂಡು ನಾವು ನಗುತ್ತೇವೆ. ಆದರೆ ಋಣ ಎರಡೂ ಕಡೆಗೆ ಹರಿದಾಗಲೇ ಸ್ನೇಹವೆಂಬುದು ಆ ಜಗ್ಗಾಟದ ಅರ್ಥ.

ಹೋಟೆಲಿನಲ್ಲಿ ಎದುರುಬದುರು ಕೂರುವುದು ಸುಲಭ. ಮೇಜು ಯಾರದೂ ಅಲ್ಲ. ಕಷ್ಟವಿರುವುದು ಅಲ್ಲಿಂದ ಮನೆಯ ಒಳಗಿನವರೆಗಿನ ದಾರಿಯಲ್ಲಿ. ಹಾಗೆ ಜೊತೆಗೆ ಉಂಡವರು ಒಬ್ಬರ ಮನೆಯ ಪಂಕ್ತಿಯಲ್ಲಿ ಇನ್ನೊಬ್ಬರು ಯಾವ ಸಂಕೋಚವೂ ಇಲ್ಲದೆ ಎಲೆಯ ಮುಂದೆ ಕುಳಿತ ದಿನ ಹೋಟೆಲು ತನ್ನ ದೊಡ್ಡ ಕೆಲಸವನ್ನು ಮುಗಿಸಿದಂತೆ. ಆಮೇಲೆ ನಾವು ಅಲ್ಲಿಗೆ ಬರಿಯ ದೋಸೆಯ ರುಚಿಗಾಗಿ ಹೋಗಬಹುದು.