ಬಡ ಕಡಲಿನ ಜಮಾ-ಖರ್ಚು



ನಮ್ಮ ಹರೂರು ತಾಲ್ಲೂಕಿನಲ್ಲಿ ಹರಿಯುವ ತೆನ್‌ಪೆಣ್ಣೈ, ನಂದಿಬೆಟ್ಟದ ಕಡೆ ಹುಟ್ಟಿದ ದಕ್ಷಿಣ ಪಿನಾಕಿನಿಯೇ. ಅದು ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇಷ್ಟೊಂದು ನದಿಗಳು ಮಣ್ಣಿನ ಸಾರ ತಂದು ಸುರಿಯುವ ಕಡಲು ಫಲವತ್ತಾಗಿರಬೇಕೆಂದು ನಾನು ನಂಬಿದ್ದೆ. ಆದರೆ ದಡ ಬಿಟ್ಟು ದೂರ ಹೋದರೆ ಮೇಲ್ನೀರಿನಲ್ಲಿ ಸಾರಜನಕದ ಗೊಬ್ಬರ ಬಹಳ ಕಡಿಮೆ. ಗಂಗೆ, ಬ್ರಹ್ಮಪುತ್ರಾ ಮೊದಲಾದ ನದಿಗಳ ಸಿಹಿನೀರು ಹಗುರ. ಅದು ಉಪ್ಪುನೀರಿನ ಮೇಲೆ ಮುಚ್ಚಳದಂತೆ ಹರಡುತ್ತದೆ. ಗೊಬ್ಬರ ಕೆಳಗೆ ಕತ್ತಲಲ್ಲಿ, ಬಿಸಿಲು ಮೇಲೆ. ಎರಡೂ ಕೂಡುವುದು ಕಷ್ಟ.

ಆದರೂ ಅಲ್ಲಿ ಬೆಳೆ ಉಂಟು. ಸಸ್ಯಪ್ಲವಕಗಳೆಂಬ ತೇಲುವ ಸೂಕ್ಷ್ಮ ಸಸ್ಯಗಳೇ ಆ ಬೆಳೆ. ಮೀನುಗಳ ಅನ್ನಕ್ಕೆ ಮೂಲ ಅವೇ. ಅವು ಬದುಕುವುದು ಹೇಗೆ? ಬ್ಯಾಂಕಿನ ಕೌಂಟರಿನಲ್ಲಿ ಆಯುಸ್ಸು ಕಳೆದವನು ನಾನು. ನನಗೆ ತಿಳಿದ ಲೆಕ್ಕದಲ್ಲೇ ಹೇಳುತ್ತೇನೆ. ಸಂತೆಯ ದಿನ ಒಂದೇ ನೂರರ ನೋಟು ಹತ್ತು ಕೈ ಬದಲಾಯಿಸುತ್ತದೆ. ವಹಿವಾಟು ಸಾವಿರ, ಹಣ ನೂರೇ. ಕಡಲಿನಲ್ಲೂ ಹಾಗೆಯೇ. ಸಸ್ಯವನ್ನು ಸಣ್ಣ ಜೀವಿ ತಿನ್ನುತ್ತದೆ. ಅದು ಹೊರಬಿಟ್ಟ ಅಮೋನಿಯಾವನ್ನು ಇನ್ನೊಂದು ಸಸ್ಯ ಹೀರುತ್ತದೆ.

ಹೊಸ ಠೇವಣಿ ಬರುವುದು ಅಪರೂಪ. ಚಂಡಮಾರುತ ನೀರನ್ನು ಕಲಕಿದರೆ ಆಳದ ನೈಟ್ರೇಟ್ ಮೇಲೆ ಬರುತ್ತದೆ. ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿ ಗಾಳಿಯಿಂದ ಬಂದು ನೀರಿನಲ್ಲಿ ಕರಗಿದ ಸಾರಜನಕವನ್ನೇ ಗೊಬ್ಬರವಾಗಿಸುತ್ತದೆ. ಬೇಸಿಗೆಯಲ್ಲಿ ಕಡಲು ಶಾಂತವಾದಾಗ ಇದು ಮಂಗಳೂರಿನ ಕಡೆಯೂ ಮರದ ಹೊಟ್ಟಿನಂತೆ ತೇಲುವುದುಂಟು. ನಮ್ಮ ಅವರೆಯ ಬೇರುಗಂಟು ಮಾಡುವ ಕೆಲಸವೂ ಇದೇ ತಾನೆ?

1967ರಲ್ಲಿ ಡಗ್‌ಡೇಲ್ ಮತ್ತು ಗೋರಿಂಗ್ ಎಂಬ ವಿಜ್ಞಾನಿಗಳು ಈ ಎರಡು ಖಾತೆಗಳನ್ನು ಬೇರೆಮಾಡಿ ತೋರಿಸಿದರು: ಹೊಸ ಸಾರಜನಕದ ಬೆಳೆ ಒಂದು, ಮರಳಿ ಬಳಸಿದ್ದರ ಬೆಳೆ ಇನ್ನೊಂದು. ಮೀನಾಗಿ ಹೊರಹೋಗುವುದೂ ಆಳಕ್ಕೆ ಮುಳುಗುವುದೂ ಸೇರಿ ಹೊಸ ಠೇವಣಿಯನ್ನು ಬಹುಕಾಲ ಮೀರುವಂತಿಲ್ಲ. ವಹಿವಾಟು ನೋಡಿ ಹಣ ತೆಗೆದರೆ ಖಾತೆ ಬರಿದಾಗುತ್ತದೆ.

ಹೊಲಕ್ಕೂ ಇದೇ ಮಾತು. ನಮ್ಮ ತಂದೆಯವರು ರಾಗಿಯ ಸಾಲುಗಳ ನಡುವೆ ಅವರೆ ಹಾಕುತ್ತಿದ್ದರು. ಅವರ ನಂತರ ನಾನು ಅದನ್ನು ಬಿಟ್ಟೆ. ದನ ಮಾರಿದೆ, ರಾಗಿಹುಲ್ಲನ್ನೂ ಮಾರಿದೆ. ಯೂರಿಯಾ ಹೆಚ್ಚಿತು, ರಾಗಿ ಹೆಚ್ಚಲಿಲ್ಲ. ಊರವರ ಪಾಸ್‌ಬುಕ್ ಬರೆದವನು ನನ್ನ ಹೊಲದ ಪಾಸ್‌ಬುಕ್ ತೆರೆದು ನೋಡಲೇ ಇಲ್ಲ.

ಈ ಸಲ ಮತ್ತೆ ಅವರೆ ಬಿತ್ತಿದ್ದೇನೆ.